ನಮ್ಮ ಮನೆಯ ನಾಲ್ಕನೇ ಜ್ವರ

ಹೋದ ವಾರ ಚಿಂತಾಮಣಿಯಿಂದ ಶಿಡ್ಲಘಟ್ಟಕ್ಕೆ ಬೆಳಗಿನ ಟ್ರಿಪ್ಪು. ದಾರಿ ಮಧ್ಯೆ ಒಂದು ಕ್ರಾಸಿನಲ್ಲಿ ರೈತರೊಬ್ಬರು ಎರಡು ಚೀಲ ರೇಷ್ಮೆ ಗೂಡು ಹತ್ತಿಸಿದರು. ಚೀಲ ಒಳಗೆ ಬಂದಿದ್ದೇ ತಡ, ಮುಂದಿನ ಸೀಟಿನಲ್ಲಿದ್ದ ಕಾಲೇಜು ಹುಡುಗಿ ದುಪಟ್ಟಾ ಮೂಗಿಗೆ ಒತ್ತಿಕೊಂಡು, "ಅಂಕಲ್, ಏನ್ ಸ್ಮೆಲ್ಲು ಇದು! ಕೆಳಗಿಳ್ಸಿ ಪ್ಲೀಸ್" ಅಂದಳು. ಒಣಗಿದ ಹಿಪ್ಪುನೇರಳೆ ಸೊಪ್ಪು, ಸುಣ್ಣ, ಅದರ ಜೊತೆಗೆ ಹುಳದ್ದೇ ಒಂದು ಹಸಿ ವಾಸನೆ. ಅಭ್ಯಾಸ ಇಲ್ಲದವರಿಗೆ ತಡೆಯೋಕಾಗಲ್ಲ, ಸುಳ್ಳು ಯಾಕೆ ಹೇಳಲಿ. ನಾನಂತೂ ಚೀಲದ ಪಕ್ಕದಲ್ಲೇ ನಿಂತು ಎದೆ ತುಂಬ ಎಳ್ಕೊಂಡೆ. "ಇಳಿಸೋ ಮಾತೇ ಇಲ್ಲ ಕಣಮ್ಮ, ಬೇಕಾದ್ರೆ ನೀನು ಕಿಟಕಿ ಪಕ್ಕ ಹೋಗು" ಅಂದೆ. ಅವಳು ನನ್ನ ಮುಖವನ್ನೇ ಒಂದು ಥರ ನೋಡಿದಳು. ಐದಾರು ವರ್ಷದ ಹಿಂದೆ ನಾನೂ ಹೀಗೇ ಮೂಗು ಮುಚ್ಕೊಳ್ಳೋನು. ಆ ಕಥೆ ಅವಳಿಗೆ ಹೇಳೋಣ ಅನ್ನೋಷ್ಟರಲ್ಲಿ ಶಿಡ್ಲಘಟ್ಟ ಬಂದುಬಿಡ್ತು. ಹೊಟ್ಟೆಯಲ್ಲಿ ಇಟ್ಕೊಳ್ಳೋಕೆ ಆಗ್ತಿಲ್ಲ, ನಿಮಗೆ ಹೇಳ್ತೀನಿ.

ನಾನು ಮುನಿರಾಜು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರು, ಇಪ್ಪತ್ತು ವರ್ಷದ ಮೇಲಾಯ್ತು. ಗಂಟಲು ದೊಡ್ಡದು. "ಒಳಗ್ ಬನ್ನಿ, ಒಳಗ್ ಬನ್ನಿ, ಒಳಗೆ ಜಾಗ ಇದೆ!" ಅಂತ ದಿನಕ್ಕೆ ಸಾವಿರ ಸಲ ಕೂಗ್ತೀನಿ. ಜಾಗ ಇರಲ್ಲ, ನನಗೂ ಗೊತ್ತು, ಬಾಗಿಲಲ್ಲಿ ನೇತಾಡೋರಿಗೂ ಗೊತ್ತು. ಆದರೂ ಕೂಗಬೇಕು, ಅದು ಡ್ಯೂಟಿ. ತಮಾಷೆ ಏನಪ್ಪಾ ಅಂದ್ರೆ, ಊರಿಗೆಲ್ಲ ಒಳಗೆ ಬನ್ನಿ ಅನ್ನೋ ನನಗೆ ನನ್ನ ಮನೆಯಲ್ಲೇ ಒಂದು ಬಾಗಿಲೊಳಗೆ ಪ್ರವೇಶ ಇರಲಿಲ್ಲ.

ಅದು ಹುಳದ ಮನೆ. ನಮ್ಮ ಊರು ಶಿಡ್ಲಘಟ್ಟದಿಂದ ಎಂಟು ಕಿಲೋಮೀಟರು ಒಳಗೆ. ಮನೆ ಹಿಂದೆ ಶೀಟು ಹೊದಿಸಿದ ಉದ್ದನೆಯ ಒಂದು ಕೋಣೆ, ಅದರ ಹಿಂದೆ ಎರಡು ಎಕರೆ ಹಿಪ್ಪುನೇರಳೆ ತೋಟ. ಅದೆಲ್ಲ ನನ್ನ ಹೆಂಡತಿ ಮಂಜುಳನ ರಾಜ್ಯ. ಮದುವೆಯಾಗಿ ಬಂದ ಮೊದಲ ವರ್ಷವೇ ರೂಲ್ಸು ಹಾಕಿದಳು: "ನೀವು ದಿನಕ್ಕೆ ಐನೂರು ಜನರನ್ನ ಉಜ್ಜಿಕೊಂಡು ಬರ್ತೀರಾ. ಯಾರ ಕೈಯಲ್ಲಿ ಏನಿರುತ್ತೋ. ಹುಳದ ಮನೆ ಹೊಸಿಲು ತುಳೀಬೇಡಿ." ರೇಷ್ಮೆ ಹುಳ ಅಂದರೆ ಅಷ್ಟು ಸೂಕ್ಷ್ಮ, ಹೊರಗಿನ ಕಾಲಲ್ಲಿ ಬಂದ ಒಂದು ರೋಗ ಇಡೀ ಬೆಳೆ ತಿಂದುಹಾಕುತ್ತೆ. ನಾನೂ ಭಾರಿ ಬೇಜಾರಾದವನ ಹಾಗೆ ಮುಖ ಮಾಡಿ ಒಪ್ಪಿಕೊಂಡೆ. ಒಳಗೊಳಗೇ ಖುಷಿ! ಯಾಕೆಂದರೆ ಹುಳ ಅಂದರೆ ನನಗೆ ಮೈ ಜುಮ್ ಅನ್ನೋದು. ಹದಿನಾರು ವರ್ಷ ಆ ಬಾಗಿಲ ಆಚೆಗೆ ನಿಂತುಕೊಂಡೇ "ಲೇ ಮಂಜುಳಾ, ಊಟಕ್ಕೆ ಬಾರೇ" ಅಂತ ಕೂಗಿದೀನಿ.

ಆ ವರ್ಷ ಮಂಜುಳನ ಮುಖ ಬಾಡಿತ್ತು. ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಸಪ್ಪೆ ರೋಗ ಬಿದ್ದು, ಇನ್ನೇನು ಗೂಡು ಕಟ್ಟಬೇಕು ಅನ್ನೋ ಹುಳ ಬುಟ್ಟಿ ಬುಟ್ಟಿ ಸತ್ತು ಗುಂಡಿ ಸೇರಿದ್ದವು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. "ಸೊಪ್ಪಿನ ತೋಟ ಕಿತ್ತುಹಾಕು, ಟೊಮೆಟೊ ಹಾಕೋಣ. ಈ ಹುಳದ ಸಹವಾಸ ಸಾಕು" ಅಂತ ದಿನಾ ಅಂದೆ. ಕೊನೆಗೆ ಒಂದು ದಿನ ಅವಳು, "ಇದೊಂದು ಬೆಳೆ ನೋಡ್ತೀನಿ ರೀ. ಇದೂ ಹೋದ್ರೆ ನಾನೇ ಹುಳದ ಮನೆಗೆ ಬೀಗ ಹಾಕಿ ಕೀ ನಿಮ್ಮ ಕೈಗೆ ಕೊಡ್ತೀನಿ" ಅಂದಳು. ಜಗಳ ಮಾಡಿದ್ದರೆ ಪರವಾಗಿರಲಿಲ್ಲ, ತಣ್ಣಗೆ ಹೇಳಿದಳು.

ಅವಳು ಆ ಕೊನೆಯ ಬೆಳೆಗೆ ಮರಿಹುಳ ತಂದ ಮೂರನೇ ದಿನಕ್ಕೆ ಯುಗಾದಿ, ಯುಗಾದಿ ದಿನಾನೇ ಲಾಕ್‌ಡೌನು. ಬಸ್ಸೆಲ್ಲ ಡಿಪೋದಲ್ಲಿ ನಿಂತವು. ಮಗಳು ಎಸ್ಸೆಸ್ಸೆಲ್ಸಿ, ಓದ್ಕೊಳ್ತೀನಿ ಅಂತ ಮಂಚೇನಹಳ್ಳಿಯ ನಮ್ಮಕ್ಕನ ಮನೆಗೆ ಹೋಗಿದ್ದವಳು ಅಲ್ಲೇ ಸಿಕ್ಕಿಹಾಕಿಕೊಂಡಳು. ಪಕ್ಕದ ಊರಿಂದ ಕೂಲಿಗೆ ಬರ್ತಿದ್ದ ನಾಲ್ಕು ಜನ ಹೆಂಗಸರು ಬರೋ ಹಾಗಿಲ್ಲ, ಎರಡೂ ಊರಿನವರು ದಾರಿಗೆ ಮುಳ್ಳುಕಂಪೆ ಎಳೆದುಬಿಟ್ಟಿದ್ದರು. ಮನೆಯಲ್ಲಿ ಉಳಿದಿದ್ದು ನಾನು, ಮಂಜುಳ, ಮತ್ತೆ ಲೆಕ್ಕಕ್ಕೆ ಸಿಗದಷ್ಟು ಹುಳ. ನಾನೂ ಒಬ್ಬ ಇದೀನಲ್ಲ ಅಂತ ಬಾಗಿಲಿಗೆ ಹೋದೆ. ಮಂಜುಳ ಒಳಗಿಂದಾನೇ, "ಅಲ್ಲೇ ನಿಲ್ಲಿ. ಮೊನ್ನೆ ತನಕ ಬಸ್ಸಲ್ಲಿ ಇದ್ದೋರು ನೀವು. ಒಂದು ವಾರ ಸೊಪ್ಪು ಕುಯ್ದು ಹೊರಗಿಡಿ, ಆಮೇಲೆ ನೋಡೋಣ" ಅಂದಳು. ಟೀವಿಯವರು ಕ್ವಾರಂಟೈನು ಕ್ವಾರಂಟೈನು ಅಂತ ಬಡ್ಕೊಳ್ಳೋ ಹೊತ್ತಿಗೆ ನನ್ನದು ಅರ್ಧ ಮುಗಿದಿತ್ತು!

ಆ ಬೇಸಿಗೆ ಬಿಸಿಲೋ ಬಿಸಿಲು. ಆದರೆ ಆಕಾಶ ಮಾತ್ರ ತೊಳೆದು ಇಟ್ಟ ಹಾಗಿತ್ತು, ನಮ್ಮ ತೋಟದಿಂದ ನಂದಿ ಬೆಟ್ಟ ಕಲ್ಲು ಕಲ್ಲೂ ಕಾಣೋದು. ಬೆಳಗ್ಗೆ ಬಿಸಿಲೇರೋ ಮುಂಚೆ ಸೊಪ್ಪು ಕುಯ್ದು, ಹೊರೆ ಕಟ್ಟಿ, ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಇಡೋದು ನನ್ನ ಕೆಲಸ. ಟಿಕೆಟು ಹರಿದು ಹರಿದು ಮೆತ್ತಗಾಗಿದ್ದ ಕೈಗೆ ಬೊಬ್ಬೆ ಬಂತು. ವಾರ ಕಳೆದ ದಿನ ಸ್ನಾನ ಮಾಡಿ, ವಿಭೂತಿ ಇಟ್ಟು, ಮೊದಲ ಸಲ ಒಳಗೆ ಹೋಗೋದಲ್ಲ ಅಂತ ಭಕ್ತಿಯಿಂದ ಎರಡು ಊದುಬತ್ತಿ ಹಚ್ಚಿಕೊಂಡು ಹೋದೆ. ಮಂಜುಳ ಹೌಹಾರಿಬಿಟ್ಟಳು. "ಅಯ್ಯೋ ನಿಮ್ಮ ಮನೆ ಕಾಯ! ಆರಿಸ್ರೀ ಅದನ್ನ! ಹೊಗೆ ತಾಗಿದ್ರೆ ಹುಳ ಸಾಯ್ತವೆ!" ಮೂಸಿ ನೋಡಿ ತಲೆಗೆ ಹಚ್ಚಿದ ಎಣ್ಣೆ, ಸೊಂಟಕ್ಕೆ ಹಚ್ಚಿದ ನೋವಿನ ಮುಲಾಮು ಎರಡನ್ನೂ ಹಿಡಿದಳು. ಚೆಕಿಂಗ್ ಸ್ಕ್ವಾಡಿನವರೂ ನನ್ನನ್ನ ಹಾಗೆ ತಪಾಸಣೆ ಮಾಡಿಲ್ಲ. ಮತ್ತೆ ಸ್ನಾನ. ಬಾಗಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಲ್ಲಿ ಕೈಕಾಲು ಅದ್ದಿ, ಸುಣ್ಣ ಹರಡಿದ ಗೋಣಿ ಮೇಲೆ ಕಾಲಿಟ್ಟು, ಮುಖಕ್ಕೆ ಬಟ್ಟೆ ಕಟ್ಟಿ ಒಳಗೆ ಹೋದೆ. ಅಲ್ಲಿಂದಲೇ ಮಗಳಿಗೆ ಫೋನ್ ಹಚ್ಚಿದೆ, ಆ ಕರೋನಾ ರೆಕಾರ್ಡಿನ ಹೆಂಗಸು ಕೆಮ್ಮಿ, ಕೈ ತೊಳೀರಿ, ಮುಖ ಮುಚ್ಚಿ, ದೂರ ಇರಿ ಅಂತ ಶುರು ಹಚ್ಚಿಕೊಂಡಳು. ಮಂಜುಳ ನಕ್ಕಳು, ಎಷ್ಟೋ ತಿಂಗಳ ಮೇಲೆ. "ಇವೆಲ್ಲ ನಮ್ಮ ಹುಳಕ್ಕೆ ನಾನು ಯಾವತ್ತಿಂದ ಮಾಡ್ತಿದೀನಿ! ಈಗ ಜನಕ್ಕೂ ಬಂತು ನೋಡಿ."

ಒಳಗೆ ಮೂರು ಅಂತಸ್ತಿನ ಹುಳದ ಸಾಲು. ಎಲ್ಲಾ ಸೊಪ್ಪು ತಿಂತಿದ್ದವು. ಆ ಸದ್ದು! ಒಂದು ಬಸ್ಸು ತುಂಬ ಜನ ಒಟ್ಟಿಗೆ ಕಡ್ಲೆಕಾಯಿ ಸುಲಿದ ಹಾಗೆ. ಹೇಸಿಗೆ ಆಗುತ್ತೆ ಅಂತ ಹೋದವನು ಬಾಯಿ ತೆರೆದು ನಿಂತುಬಿಟ್ಟೆ. ಮಂಜುಳ ಒಂದನ್ನ ಎತ್ತಿ ನನ್ನ ಅಂಗೈ ಮೇಲೆ ಇಟ್ಟಳು. ತಣ್ಣಗೆ, ಮೆತ್ತಗೆ, ಮಗುವಿನ ಕಿವಿ ಮುಟ್ಟಿದ ಹಾಗಿತ್ತು. ಹದಿನಾರು ವರ್ಷ ಯಾವ ಮೂರ್ಖತನಕ್ಕೆ ಹೆದರಿಕೊಂಡಿದ್ದೆನಪ್ಪಾ ನಾನು!

ಅವತ್ತಿಂದ ನಾನೊಬ್ಬ ಹೊಸ ಮನುಷ್ಯ. ಮಂಜುಳನ ಹಿಂದೆ ಹಿಂದೆ ತಿರುಗಿ ಎಲ್ಲಾ ಕೇಳಿಕೊಂಡೆ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತಂತೆ. ಆಗ ಒಂದು ದಿನ ಊಟ ಬಿಟ್ಟು, ಅಲ್ಲಾಡದೆ ಮಲಗಿಬಿಡುತ್ತೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಆಗ ಸೊಪ್ಪು ಹಾಕಬಾರದು, ಮೈಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನೆ ಬಿಡಬೇಕು. ಎಲ್ಲಾ ಎದ್ದ ಮೇಲೆ ಮತ್ತೆ ಸೊಪ್ಪು. ನಾಲ್ಕನೇ ಜ್ವರ ಎದ್ದರೆ ಅರ್ಧ ಗೆದ್ದ ಹಾಗೆ, ಆಮೇಲೆ ಏಳೆಂಟು ದಿನ ರಾಕ್ಷಸರ ಹಾಗೆ ತಿಂದು ಗೂಡು ಕಟ್ಟುತ್ತೆ. ಈ ಜ್ವರದ ಮಾತು ನನಗೆ ಎಷ್ಟು ಇಷ್ಟ ಆಯ್ತೆಂದರೆ, ಬೇಕಾದ್ದಕ್ಕೂ ಬೇಡದ್ದಕ್ಕೂ ಅದನ್ನೇ ಆಡುತ್ತಿದ್ದೆ. ಹೊಸದಾಗಿ ಇಂಗ್ಲಿಷ್ ಕಲಿತವನ ಹಾಗೆ.

ನಾಲ್ಕನೇ ಜ್ವರಕ್ಕೆ ಹುಳ ಮಲಗಿದ ಮಾರನೇ ದಿನ ನಮ್ಮ ಡಿಪೋದ ಗುಮಾಸ್ತರು ಬಸವರಾಜ ಫೋನ್ ಮಾಡಿದರು. ಗದಗಿನ ಕಡೆಯವರು, ಬಲು ಒಳ್ಳೆ ಮನುಷ್ಯ. ಲಾಕ್‌ಡೌನಿನಲ್ಲಿ ಸ್ಟಾಫಿನವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸಿಕೊಳ್ಳುತ್ತಿದ್ದರು.

"ಮುನಿರಾಜಣ್ಣಾರ, ಆರಾಮ ಅದೀರೇನ್ರಿ? ಮನ್ಯಾಗ ಎಲ್ಲಾರೂ ಹ್ಯಾಂಗದಾರ?"

ನನಗೆ ತಲೆ ತುಂಬ ಹುಳಾನೇ. "ನಾಲ್ಕನೇ ಜ್ವರ ಸಾರ್! ನಿನ್ನೆ ಸಂಜೆಯಿಂದ ಮಲಗಿರೋವು ಒಂದೂ ತಲೆ ಎತ್ತಿಲ್ಲ. ಊಟ ನಿಲ್ಲಿಸಿದೀವಿ" ಅಂದೆ.

"ಅಯ್ಯಯ್ಯೋ. ಎಷ್ಟು ಮಂದಿಗ್ರಿ?"

"ಎಷ್ಟು ಅಂತ ಹೇಳ್ಲಿ ಸಾರ್, ಮನೆ ತುಂಬಾ! ಮೈಮೇಲೆ ಸುಣ್ಣ ಹಾಕಿ ಬಿಟ್ಟಿದೀವಿ."

"ಸುಣ್ಣಾ?"

"ಹೂಂ ಸಾರ್, ಅದೇ ಪದ್ಧತಿ. ಏಳೋವು ನಾಳೆ ಏಳ್ತವೆ. ಏಳದೆ ಇರೋದನ್ನ ಎತ್ತಿ ಹಿತ್ತಲ ಗುಂಡಿಗೆ ಹಾಕಿಬಿಡ್ತೀವಿ!"

ಆ ಕಡೆಯಿಂದ ಫೋನ್ ಪಟ್ಟಂತ ಕಟ್ಟಾಯ್ತು. ಸಿಗ್ನಲ್ ಹೋಯ್ತು ಅಂದುಕೊಂಡು ಫೋನ್ ಇಟ್ಟು, ಮುದ್ದೆ ಊಟ ಮಾಡಿ ಆರಾಮಾಗಿ ಮಲಗಿಬಿಟ್ಟೆ.

ಮಾರನೇ ದಿನ ಬೆಳಗ್ಗೆ ಹುಳ ಒಂದೊಂದೇ ತಲೆ ಎತ್ತುತ್ತಿದ್ದವು. ಮಂಜುಳ ಒಳಗೆ, ನಾನು ಹೊರಗೆ ಸೊಪ್ಪಿನ ಹೊರೆ ಬಿಚ್ಚುತ್ತಿದ್ದೆ. ಒಂದು ಜೀಪು ಧೂಳೆಬ್ಬಿಸಿಕೊಂಡು ಬಂದು ನಮ್ಮ ಮನೆ ಮುಂದೆಯೇ ನಿಂತಿತು. ಅದರಿಂದ ತಲೆಯಿಂದ ಕಾಲಿನ ತನಕ ನೀಲಿ ಬಟ್ಟೆ ಮುಚ್ಚಿಕೊಂಡ ಒಬ್ಬ ಹೆಣ್ಣುಮಗಳು ಇಳಿದಳು. ಅವಳ ಹಿಂದೆ ಬೆನ್ನಿಗೆ ಔಷಧಿ ಟ್ಯಾಂಕು ಹೊತ್ತ ಒಬ್ಬ ಗಂಡಸು. ಊರಿನ ಜನವೆಲ್ಲ ತಾರಸಿ ಹತ್ತಿದರು.

"ಮುನಿರಾಜು ಯಾರು? ದೂರ ನಿಲ್ಲಿ! ನಾಲ್ಕನೇ ಸಲ ಜ್ವರ ಬಂದು ಮಲಗಿರೋರು ಎಲ್ಲಿದಾರೆ?" ಅಂದಳು ಆ ಹುಡುಗಿ. ಆಮೇಲೆ ದನಿ ತಗ್ಗಿಸಿ, "ಗುಂಡಿ ಎಲ್ಲಿದೆ?" ಅಂತ ಕೇಳಿದಳು.

ನನಗೆ ಆಗ ಹೊಳೀತು, ಬಸವರಾಜ ಸಾರ್ ಆರೋಗ್ಯ ಇಲಾಖೆಗೆ ತಿಳಿಸಿಬಿಟ್ಟಿದ್ದಾರೆ ಅಂತ. ಹೊಳೆದಿದ್ದೇ ತಡ ನಗು ಬಂತು ನೋಡಿ, ತಡೆಯೋಕೇ ಆಗಲಿಲ್ಲ, ಸೊಪ್ಪಿನ ಹೊರೆ ಮೇಲೆ ಬಿದ್ದು ಬಿದ್ದು ನಕ್ಕೆ. ಮೊದಲು ಬಾಯಿ ಬಿಟ್ಟು ಹೇಳಬೇಕಿತ್ತು. ಅದೇ ನಾನು ಮಾಡಿದ ದೊಡ್ಡ ತಪ್ಪು. "ಮೇಡಂ, ಇವ್ರಿಗೂ ತಲೆಗೆ ಏರಿದೆ" ಅಂತ ಟ್ಯಾಂಕಿನವನು ಹೆದರಿ, ಒದ್ದೆ ಗೋಣಿ ಕಟ್ಟಿದ ಹುಳದ ಮನೆಯ ಕಿಟಕಿ ಕಂಡು, ರೋಗಿಗಳು ಇಲ್ಲೇ ಇರಬೇಕು ಅಂತ ಪಂಪು ಒತ್ತಿಯೇಬಿಟ್ಟ. ಒಂದು, ಎರಡು, ಮೂರು ಸಲ. ಔಷಧಿಯ ಘಾಟು ಮೂಗಿಗೆ ಬಡಿದ ಕೂಡಲೇ ನನ್ನ ನಗು ನಿಂತುಹೋಯ್ತು.

ಮಂಜುಳ ಹೊರಗೆ ಬಂದಳು. ಮುಖಕ್ಕೆ ಬಟ್ಟೆ, ತಲೆಗೆ ಟವೆಲ್ಲು, ಮೊಣಕೈ ತನಕ ಸುಣ್ಣ. ನೆಟ್ಟಗೆ ಹೋಗಿ ಕಿಟಕಿಗೂ ಪೈಪಿಗೂ ನಡುವೆ ನಿಂತಳು.

"ಪೈಪು ಕೆಳಗಿಡಣ್ಣ."

"ಮೇಡಂ ಆರ್ಡರ್ ಆಗಿದೆಯಮ್ಮ."

"ಹೊಡೀಬೇಕು ಅಂದ್ರೆ ನನ್ನ ಮೇಲೆ ಹೊಡಿ. ಈ ಔಷಧಿ ನನಗೇನು ಹೊಸದಲ್ಲ, ಹುಳ ತರೋ ಮುಂಚೆ ಖಾಲಿ ಮನೆಗೆ ನಾನೇ ಹೊಡೀತೀನಿ. ಈಗ ಒಳಗೆ ಜೀವ ಇದೆ."

"ಜ್ವರ ಯಾರಿಗಮ್ಮ ಹಾಗಾದ್ರೆ?" ಅಂದಳು ಆರೋಗ್ಯ ಇಲಾಖೆಯ ಹುಡುಗಿ.

"ಹುಳಕ್ಕೆ! ನಮ್ಮ ಹುಳಕ್ಕೆ ನಾಲ್ಕನೇ ಜ್ವರ!"

ತಾರಸಿ ಮೇಲಿದ್ದ ಜನವೆಲ್ಲ ಗೊಳ್ಳೆಂದು ನಕ್ಕರು. ಮಂಜುಳ ನಗಲಿಲ್ಲ. ಆ ಹುಡುಗಿಯೂ ನಗಲಿಲ್ಲ. "ನಾನು ಕಣ್ಣಾರೆ ನೋಡಿ ರಿಪೋರ್ಟ್ ಬರೀಬೇಕಮ್ಮ. ಬಾಯಿಮಾತಿಗೆ ವಾಪಸ್ ಹೋಗೋ ಹಾಗಿಲ್ಲ" ಅಂದಳು.

"ನೋಡಿ, ಬೇಡ ಅಂದವರು ಯಾರು? ಆದ್ರೆ ಹಂಗೇ ನುಗ್ಗೋ ಹಾಗಿಲ್ಲ" ಅಂತ ಮಂಜುಳ ಬ್ಲೀಚಿಂಗ್ ನೀರಿನ ಬಕೆಟ್ಟು ಅವಳ ಮುಂದೆ ತಳ್ಳಿದಳು. "ಊರೂರು ಸುತ್ತಿ ಬಂದಿದೀರಾ. ಆ ನೀಲಿ ಬಟ್ಟೆ ಬಿಚ್ಚಿ ಹೊರಗಿಡಿ. ಕೈ ಮೊಣಕೈ ತನಕ ತೊಳೀರಿ, ಕಾಲು ಹಿಮ್ಮಡಿ ಉಜ್ಜಿ. ಮುಖಕ್ಕೆ ನಮ್ಮ ಒಗೆದ ಬಟ್ಟೆ ಕಟ್ಕೊಳ್ಳಿ."

ಆ ಹುಡುಗಿ ನೀಲಿ ಬಟ್ಟೆ ಬಿಚ್ಚಿಟ್ಟಳು. ಆಮೇಲೆ ಕೂತುಕೊಂಡು ಹಿಮ್ಮಡಿ ಉಜ್ಜತೊಡಗಿದಳು. "ಎರಡು ವಾರದಿಂದ ಮನೆಮನೆಗೆ ಹೋಗಿ ಕೈ ತೊಳೀರಿ ತೊಳೀರಿ ಅಂತ ಹೇಳ್ತಾ ಇದೀನಿ. ನನಗೆ ತೊಳಿ ಅಂದಿದ್ದು ನೀವೇ ಮೊದಲು ನೋಡಿ" ಅಂದಳು.

ಅವಳ ಹೆಸರು ಶಾಹಿನಾ. ಶಿಡ್ಲಘಟ್ಟ ಟೌನಿನವಳು, ಅವರ ಅಬ್ಬಾಜಾನ್ ಗೂಡು ಬಿಚ್ಚಿ ನೂಲು ತೆಗೆಯುವ ಮಿಷಿನ್ ಇಟ್ಟವರು. ಒಳಗೆ ಹೋದವಳು ಎದ್ದು ತಲೆಯೆತ್ತಿ ಕೂತಿದ್ದ ಆ ಸಾಲು ಸಾಲು ಹುಳ ನೋಡಿ "ಯಾ ಅಲ್ಲಾ!" ಅಂದಳು. "ಗೂಡಿನ ಮೂಟೆ ಮೇಲೇ ಆಟ ಆಡ್ಕೊಂಡು ಬೆಳೆದವಳು ಅಕ್ಕ ನಾನು. ಜೀವ ಇರೋ ಹುಳ ನೋಡ್ತಿರೋದು ಇವತ್ತೇ" ಅಂದಳು. ಮಂಜುಳ ಅವಳ ಕೈಗೂ ಒಂದು ಹುಳ ಇಟ್ಟಳು. ರಿಪೋರ್ಟಿನಲ್ಲಿ ಏನು ಬರೆದಳೋ ಕಾಣೆ. ಹೋಗುವಾಗ, "ಇವು ಗೂಡು ಕಟ್ಟೋ ದಿನ ಬರ್ಲಾ?" ಅಂತ ಕೇಳಿ ಹೋದಳು.

ಜೀಪು ತಿರುವು ದಾಟಿದ ಮೇಲೆ ಮಂಜುಳ ನನ್ನ ಕಡೆ ತಿರುಗಿದಳು. ಅವಳ ತವರು ಚಿಂತಾಮಣಿಯ ಆಚೆ, ತೆಲುಗು ಮನೆ. ಸಿಟ್ಟು ನೆತ್ತಿಗೇರಿದರೆ ಕನ್ನಡ ಹೋಗಿ ತೆಲುಗು ಬರುತ್ತೆ. "ಬಯಟಿಕಿ ಪೋಂಡಿ" ಅಂದಳು. ಹೊರಗೆ ಹೋಗಿ. ಅಷ್ಟೇ. ಕಿಟಕಿ ಪಕ್ಕದ ಸಾಲಿನ ಮೇಲೆ ಔಷಧಿಯ ಹನಿ ಬಿದ್ದಿತ್ತು. ಅಲ್ಲಿದ್ದ ಹುಳವನ್ನೆಲ್ಲ ಎತ್ತಿ ಬೇರೆ ಇಟ್ಟಳು, ತಾಗಿದ ಸೊಪ್ಪು ತೆಗೆದು ಎಸೆದಳು, ಗೋಣಿ ಬದಲಾಯಿಸಿದಳು. ಸಂಜೆಯೊಳಗೆ ಆ ಬೇರೆ ಇಟ್ಟಿದ್ದರಲ್ಲಿ ಮುಕ್ಕಾಲು ಸತ್ತವು. ಉಳಿದ ಮನೆ ಕಥೆ ಏನು? ಘಾಟು ಎಲ್ಲಿ ತನಕ ಹೋಗಿದೆ? ಅವಳಿಗೂ ಗೊತ್ತಿಲ್ಲ. ಕೇಳೋ ಧೈರ್ಯ ನನಗಿಲ್ಲ. ಅವಳ ಕೊನೆ ಬೆಳೆ ಅದು, ಆ ಮನೆ ಮುಚ್ಚು ಅಂತ ಆರು ತಿಂಗಳು ಪೀಡಿಸಿದವನೂ ನಾನೇ, ಈಗ ನನ್ನ ಬಾಯಿಂದಲೇ ಅದು ಮುಚ್ಚೋ ಹಾಗಾಗಿತ್ತು. ತೋಟದಲ್ಲಿ ಒಬ್ಬನೇ ಸೊಪ್ಪು ಕುಯ್ಯುತ್ತಾ ಅತ್ತುಬಿಟ್ಟೆ, ನಾಚಿಕೆ ಇಲ್ಲದೆ ಹೇಳ್ತೀನಿ.

ಮುಂದಿನ ಒಂದು ವಾರ ನಾನು ಬಾಗಿಲಿನ ಹೊರಗೆ. ಸೊಪ್ಪು ತಂದು ಇಡ್ತೀನಿ, ಅವಳು ಎಳ್ಕೊಳ್ತಾಳೆ. ಮಾತು ಹೂಂ, ಉಹೂಂ, ಅಷ್ಟೇ. ಆದರೆ ಬಾಗಿಲಿಗೆ ಕಿವಿ ಕೊಟ್ಟು ಕೂತರೆ ಆ ಕಡ್ಲೆಕಾಯಿ ಸುಲಿಯೋ ಸದ್ದು ಕೇಳೋದು. ದಿನದಿನಕ್ಕೂ ಜಾಸ್ತಿ ಆಗ್ತಿತ್ತು. ನಾನು ಇಟ್ಟ ಹೊರೆ ಸಾಲದೆ ಮಂಜುಳ "ಇನ್ನೂ ತನ್ನಿ" ಅಂದಾಗಲೆಲ್ಲ ನನ್ನ ಜೀವ ಕುಣಿಯೋದು. ಹುಳ ತಿಂತಿವೆ ಅಂದ್ರೆ ಬದುಕಿವೆ!

ಎಂಟನೇ ದಿನ ಮಧ್ಯಾಹ್ನ, ಆಕಾಶ ಕಪ್ಪಿಟ್ಟು ಗಾಳಿ ಎದ್ದಿತ್ತು. ಒಳಗಿಂದ "ರೀ!" ಅಂತ ಕೂಗಿದಳು. ಅಂಥ ಕೂಗು ನಾನು ಕೇಳಿರಲಿಲ್ಲ. "ರೀ, ಹಣ್ಣಾಗಿವೆ! ಒಟ್ಟೊಟ್ಟಿಗೆ ಹಣ್ಣಾಗ್ತಿವೆ!" ಗೂಡು ಕಟ್ಟೋಕೆ ತಯಾರಾದ ಹುಳಕ್ಕೆ ಹಣ್ಣಾದ ಹುಳ ಅಂತಾರೆ. ಅವನ್ನ ಬೇರೆ ಹುಳದ ನಡುವಿಂದ ಆಯ್ದು, ಚಂದ್ರಿಕೆ ಅಂತ ಬಿದಿರಿನ ದೊಡ್ಡ ತಟ್ಟೆ ಇರುತ್ತೆ, ಅದರ ಮೇಲೆ ಬಿಡಬೇಕು. ಹೊತ್ತು ಮೀರಿದರೆ ಸೊಪ್ಪು ಕಸದಲ್ಲೇ ನೂಲು ಬಿಟ್ಟು ಹಾಳುಮಾಡ್ತವೆ. ಇನ್ನೂ ಹಣ್ಣಾಗದ ಹಸಿ ಹುಳ ಬಿಟ್ಟರೆ ಗೂಡೇ ಕಟ್ಟಲ್ಲ. ಪಳಗಿದ ಹೆಂಗಸರು ನಾಲ್ಕು ಜನ ಇದ್ದರೂ ಅರ್ಧ ದಿನ ಹಿಡಿಯೋ ಕೆಲಸ. ಅವರೆಲ್ಲ ಮುಳ್ಳುಕಂಪೆಯ ಆಚೆ. ಇರೋದು ಇಬ್ಬರು, ಅದರಲ್ಲಿ ಒಬ್ಬ ನಾನು.

ಕೈಕಾಲು ತೊಳೆದು ಓಡಿದೆ. "ಮೈ ಸ್ವಲ್ಪ ಹಳದಿ ತಿರುಗಿ, ಬೆಳಕಿಗೆ ಹಿಡಿದ್ರೆ ಗಾಜಿನ ಥರ ಕಾಣುತ್ತೆ. ಅಂಥದ್ದು ಮಾತ್ರ ತೆಗೀರಿ" ಅಂದಳು ಮಂಜುಳ. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಹತ್ತು ಹುಳ ಆಯೋ ಹೊತ್ತಿಗೆ ಅವಳದ್ದು ನೂರಾಗಿತ್ತು. ಆಗ ಒಂದು ಹುಳ ನನ್ನ ಕಣ್ಣಿಗೆ ಬಿತ್ತು. ತಿನ್ನೋದು ಬಿಟ್ಟು, ತಲೆ ಎತ್ತಿ, ಆ ಕಡೆ ಈ ಕಡೆ ನೋಡ್ತಾ ಇತ್ತು.

ಅರೆ, ಇವನ್ನ ನಾನು ನೋಡಿದೀನಲ್ಲ! ಇವನು ಇಳಿಯೋ ಪ್ಯಾಸೆಂಜರ್!

ಇಪ್ಪತ್ತು ವರ್ಷದಲ್ಲಿ ನನಗೆ ಬಂದಿರೋ ವಿದ್ಯೆ ಅಂದರೆ ಇದೊಂದೇ. ಎಂಬತ್ತು ಜನ ತುಂಬಿದ ಬಸ್ಸಲ್ಲಿ ಮುಂದಿನ ಸ್ಟಾಪಿಗೆ ಇಳಿಯೋನು ಯಾರು ಅಂತ ಅವನು ಬಾಯಿ ಬಿಡೋ ಮುಂಚೆ ಹೇಳ್ತೀನಿ. ಇಳಿಯೋನು ಮಾತು ನಿಲ್ಲಿಸ್ತಾನೆ, ಕತ್ತು ಉದ್ದ ಮಾಡ್ತಾನೆ, ದಾರಿ ಹುಡುಕ್ತಾನೆ. ಮುಂದೆ ಹೋಗೋನು ತಲೆ ತಗ್ಗಿಸಿ ಕಡ್ಲೆಕಾಯಿ ತಿಂತಾ ಕೂತಿರ್ತಾನೆ. ಹುಳಾನೂ ಅಷ್ಟೇ! ಅದು ಹೊಳೆದ ಮೇಲೆ ನನ್ನನ್ನ ಹಿಡಿಯೋರೇ ಇಲ್ಲ. ಬೆಳಕಿಗೆ ಹಿಡಿಯೋದು ಬಿಟ್ಟೆ. ಕತ್ತೆತ್ತಿದವನನ್ನ ಎತ್ತು, ಚಂದ್ರಿಕೆಗೆ ಬಿಡು. ಟಿಕೆಟು ಹರಿದು ಹರಿದು ಪಳಗಿದ ಬೆರಳು, ಎರಡು ಕೈಯಲ್ಲೂ ಪಟಪಟ ನಡೀತು. "ಕ್ರಾಸ್ ಇಳಿಯೋರು, ಕ್ರಾಸ್ ಇಳಿಯೋರು ಬನ್ನಿ" ಅಂತ ಬಾಯಿ ಬೇರೆ ತಾನಾಗೇ ಕೂಗ್ತಿತ್ತು. ಮಂಜುಳ ಅನುಮಾನದಿಂದ ನನ್ನ ಚಂದ್ರಿಕೆ ಬಳಿ ಬಂದು ಹುಳ ಎತ್ತಿ ಎತ್ತಿ ಬೆಳಕಿಗೆ ಹಿಡಿದಳು. ಹತ್ತು ನೋಡಿದಳು, ಇಪ್ಪತ್ತು ನೋಡಿದಳು. ಹಸಿ ಹುಳ ಒಂದೂ ಇಲ್ಲ.

"ಯಾರು ಹೇಳಿಕೊಟ್ಟಿದ್ದು ನಿಮಗೆ ಇದನ್ನ?"

"ಚಿಂತಾಮಣಿ ರೂಟು" ಅಂದೆ.

ಹೊರಗೆ ಆಲಿಕಲ್ಲು ಬಿತ್ತು, ಶೀಟಿನ ಮೇಲೆ ಕಲ್ಲು ಸುರಿದ ಸದ್ದು. ಕರೆಂಟು ಹೋಯ್ತು. ನಾವಿಬ್ಬರೂ ತಲೆ ಎತ್ತಲಿಲ್ಲ. ಸಂಜೆ ಬೆಳಕು ಆರೋ ಮುಂಚೆ ಕೊನೆ ಚಂದ್ರಿಕೆ ತುಂಬಿತು. ಸುಣ್ಣ ಮೆತ್ತಿದ ಮುಖದಲ್ಲಿ ಮಂಜುಳ ಗೋಡೆಗೆ ಒರಗಿ ಕೂತು, "ಇಬ್ಬರೇ ರೀ! ಇಬ್ಬರೇ ಮುಗಿಸಿಬಿಟ್ವಲ್ಲ ರೀ!" ಅಂತ ನಕ್ಕಳು, ಅಷ್ಟರಲ್ಲೇ ಅವಳಿಗೆ ಅಳುವೂ ಬಂತು. ನನಗೂ ಎರಡೂ ಬಂತು.

ಐದನೇ ದಿನ ಬೆಳಗ್ಗೆ ನೋಡಿದರೆ ಚಂದ್ರಿಕೆ ತುಂಬ ಹಳದಿ ಗೂಡು. ಎಂಥಾ ಗೂಡು ಅಂತೀರಿ! ಬೆರಳಲ್ಲಿ ಒತ್ತಿದರೆ ಗಟ್ಟಿ, ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಕಟಕಟ. ಶಾಹಿನಾ ಹೇಳಿದ ಹಾಗೆ ಬಂದಳು. ಯಾರೂ ಹೇಳದೆ ತಾನೇ ಬಕೆಟ್ಟಿನ ಹತ್ತಿರ ಕೂತು ಹಿಮ್ಮಡಿ ಉಜ್ಜಿದಳು. ಅವರ ಮನೆಯಲ್ಲಿ ತೆಗೆದ ನೂಲ ಒಂದು ಲಡಿ ಪೇಪರಲ್ಲಿ ಸುತ್ತಿ ತಂದಿದ್ದಳು. ಮಂಜುಳ ಅದನ್ನ ಕೈಗೆ ತಗೊಂಡು ಎಳೆ ಬಿಡಿಸಿ ಬಿಡಿಸಿ ನೋಡಿದಳು. ಹದಿನಾರು ವರ್ಷ ಗೂಡು ಬೆಳೆದು ಮಾರುಕಟ್ಟೆಗೆ ಕಳಿಸಿದವಳು, ಅದರ ನೂಲು ಮುಟ್ಟಿದ್ದು ಅವತ್ತೇ ಮೊದಲು. ಒಬ್ಬಳಿಗೆ ಹುಳ ಗೊತ್ತಿರಲಿಲ್ಲ, ಇನ್ನೊಬ್ಬಳಿಗೆ ನೂಲು ಗೊತ್ತಿರಲಿಲ್ಲ. ನಡುವೆ ಎಂಟು ಕಿಲೋಮೀಟರು. ಆ ದಾರಿಯಲ್ಲಿ ದಿನಾ ಡ್ಯೂಟಿಗೆ ಹೋಗಿಬರೋ ನನಗೂ ಅದು ಹೊಳೆದಿರಲಿಲ್ಲ. ಬಸವರಾಜ ಸಾರ್‌ಗೆ ಫೋನ್ ಮಾಡಿ ವಿಷಯ ಹೇಳಿದೆ. "ಥೋ ನಿಮ್ಮ, ಇಷ್ಟು ದಿನಾ ಊಟ ಸೇರಲಿಲ್ಲೋ ಮಾರಾಯ್ರ ನನಗ!" ಅಂತ ಬಾಯಿ ತುಂಬ ಬೈದು, ಆಮೇಲೆ ನಗೋಕೆ ಶುರು ಮಾಡಿದವರು ಫೋನ್ ಇಡೋ ತನಕ ನಿಲ್ಲಿಸಲಿಲ್ಲ.

ಬೀಗದ ಮಾತು ಮತ್ತೆ ಬರಲಿಲ್ಲ. ಮಂಜುಳ ಹುಳದ ಮನೆ ತೊಳೆದು, ತಾನೇ ಔಷಧಿ ಹೊಡೆದು, ಮುಂದಿನ ಮರಿಹುಳ ತಂದಳು. ಅದು ಮೂರನೇ ಜ್ವರ ಎದ್ದ ದಿನವೇ ನನಗೆ ಡಿಪೋದಿಂದ ಕರೆ ಬಂತು, ಬಸ್ಸು ಶುರು. ಒಂದು ಸೀಟಿಗೆ ಒಬ್ಬರು, ಮೂವತ್ತು ಜನಕ್ಕಿಂತ ಹೆಚ್ಚು ಹತ್ತಿಸೋ ಹಾಗಿಲ್ಲ. ಒಳಗ್ ಬನ್ನಿ ಅಂತ ಕೂಗೋ ಹಾಗೇ ಇಲ್ಲ! ಬಾಯಿಗೆ ಬಟ್ಟೆ ಕಟ್ಟಿಕೊಂಡು ದಿನವಿಡೀ ಸುಮ್ಮನೆ ಟಿಕೆಟು ಕೊಟ್ಟೆ. ಕೈಗೆ ಕೈ ತಾಗಿದಾಗಲೆಲ್ಲ ಒಂದೇ ಯೋಚನೆ. ಮತ್ತೆ ಊರೆಲ್ಲ ಮುಟ್ಟಿದವನಾದೆ, ಹುಳದ ಮನೆ ನನಗೆ ಮುಗಿಯಿತು.

ಸಂಜೆ ಮನೆಗೆ ಬಂದವನು ಹಿತ್ತಲಲ್ಲೇ ಯೂನಿಫಾರಂ ಬಿಚ್ಚಿ ನೆನೆಹಾಕಿ, ಸೋಪು ಕರಗೋ ತನಕ ಸ್ನಾನ ಮಾಡಿ, ಒಗೆದ ಲುಂಗಿ ಉಟ್ಟೆ. ಆಮೇಲೆ ಹಳೇ ಅಭ್ಯಾಸದಂತೆ ಹುಳದ ಮನೆ ಬಾಗಿಲ ಹೊರಗೆ, ಸುಣ್ಣದ ಗೋಣಿಯ ಈ ಕಡೆ ಹೋಗಿ ನಿಂತೆ. ಒಳಗೆ ಕಡ್ಲೆಕಾಯಿ ಸುಲಿಯೋ ಸದ್ದು. ಬಾಗಿಲ ಪಕ್ಕದಲ್ಲಿ ಒಂದೇ ಜೊತೆ ಇರುತ್ತಿದ್ದ ಕಡೆ ಎರಡು ಜೊತೆ ರಬ್ಬರ್ ಚಪ್ಪಲಿ ಇದ್ದವು. ಒಂದು ಹೊಸದು, ನನ್ನ ಅಳತೆಯದು.

ಮಂಜುಳ ಸೊಪ್ಪು ಹರಡುತ್ತಿದ್ದವಳು ತಿರುಗಿ ನೋಡಿದಳು. ಅಲ್ಲೇ ನಿಂತ ನನ್ನನ್ನ ಕಂಡು ಸೊಂಟಕ್ಕೆ ಕೈಯಿಟ್ಟು, ಥೇಟ್ ನನ್ನದೇ ದನಿಯಲ್ಲಿ ಕೂಗಿದಳು:

"ಬಾಗಿಲಲ್ಲಿ ನಿಲ್ಲಬೇಡಿ ಸಾರ್! ಒಳಗ್ ಬನ್ನಿ, ಒಳಗ್ ಬನ್ನಿ, ಒಳಗೆ ಜಾಗ ಇದೆ!"

ನಿಜವಾಗ್ಲೂ ಇತ್ತು.